ಟೆಕ್ನೀಷಿಯಂ ಕೋಣೆಯ ಅಪ್ಪ

ಮಗಳು ಒಂದಾದ ಮೇಲೊಂದು ಕುರ್ಚಿ ಬಿಡಿಸಿ ಅಂಗಳದಲ್ಲಿ ಸಾಲಾಗಿ ಇಡುತ್ತಿದ್ದಳು. ಅಪ್ಪನ ಅಂತಿಮ ದರ್ಶನಕ್ಕೆ ಬಂದ ಜನಕ್ಕೆ ಸಾಕಾಗಿ ಮಿಕ್ಕಿದರೂ ಕೈ ನಿಲ್ಲಿಸಲಿಲ್ಲ. ಸೋದರತ್ತೆಗೆ ನೋಡಿ ನೋಡಿ ತಡೆಯಲಾಗಲಿಲ್ಲ.

“ಸಾಕು ಬಿಡೇ. ಒಳಗ್ಹೋಗಿ ಅಪ್ಪನ ಹತ್ರ ಸ್ವಲ್ಪ ಕೂತ್ಕೋ.”

“ಹತ್ರ ಕೂತು ಅಭ್ಯಾಸ ಇಲ್ಲ ಅತ್ತೆ.”

ಮಾತು ಒರಟಾಯಿತು, ಆದರೆ ಸುಳ್ಳಲ್ಲ. ಅಪ್ಪ ಅವಳನ್ನು ಓದಿಸಿದ್ದ. ಜ್ವರ ಬಂದರೆ ಬಾಗಿಲಲ್ಲಿ ನಿಂತು ಹತ್ತು ಸಲ ವಿಚಾರಿಸುತ್ತಿದ್ದ. ಹತ್ತಿರ ಕರೆದು ತಬ್ಬಿದ್ದು ಮಾತ್ರ ಇಲ್ಲ. ಮದುವೆಯ ದಿನವೂ ಎರಡು ಮಾರು ದೂರದಿಂದಲೇ ಹರಸಿದ್ದ. ತಾನೆಂದರೆ ಅವನಿಗೆ ಅಷ್ಟಕ್ಕಷ್ಟೇ ಎಂದು ಅವಳು ಎಂದೋ ತೀರ್ಮಾನಿಸಿಬಿಟ್ಟಿದ್ದಳು. ಆ ಸಂಕಟಕ್ಕೆ ಇವತ್ತು ಅಳುವೂ ಬರುತ್ತಿರಲಿಲ್ಲ.

ಅಪ್ಪನ ಜೊತೆ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ನರ್ಸಮ್ಮ ಅಲ್ಲೇ ಕೂತಿದ್ದಳು. ಮಾತು ಕಿವಿಗೆ ಬಿತ್ತು. ಮಗಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಹಳೆಯದೊಂದು ಸಂಗತಿ ಹೇಳಿದಳು.

*

ಅಪ್ಪನ ಕೆಲಸ ಟೆಕ್ನೀಷಿಯಂ ಕೋಣೆಯಲ್ಲಿ. ಟೆಕ್ನೀಷಿಯಂ ನೆಲ ಅಗೆದು ತೆಗೆಯುವ ಲೋಹವಲ್ಲ, ಮನುಷ್ಯರೇ ತಯಾರಿಸುವುದು. ರೋಗಿಯ ನರಕ್ಕೆ ಚುಚ್ಚಿದರೆ ಮೂಳೆಯ ಗುಟ್ಟೆಲ್ಲ ಚಿತ್ರದಲ್ಲಿ ಕಾಣುತ್ತದೆ. ಅದರ ವಿಕಿರಣ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇವತ್ತೊಂದು ದಿನ ಮಕ್ಕಳನ್ನು ಎತ್ತಿಕೊಳ್ಳಬೇಡಿ ಎಂದು ರೋಗಿಗಳಿಗೆ ಹೇಳಿ ಕಳಿಸುವುದೂ ಅಪ್ಪನ ಪಾಲಿಗೇ ಇತ್ತು.

ಆಗ ಮಗಳಿಗೆ ಮೂರು ತಿಂಗಳು. ಒಂದು ಮಧ್ಯಾಹ್ನ ಅವಳನ್ನು ನೋಡುವ ಆತುರಕ್ಕೆ ಅಪ್ಪ ವಿಕಿರಣ ಅಳೆಯುವ ಮೀಟರಿಗೆ ಕೈಯೊಡ್ಡದೆ ಮನೆಗೆ ಓಡಿದ. ಎತ್ತಿಕೊಂಡು ಮನಸಾರೆ ಮುದ್ದಾಡಿದ. ಆಸ್ಪತ್ರೆಗೆ ವಾಪಸು ಬಂದಾಗ ಅಂಗಿಯ ತೋಳಿನ ಬಳಿ ಮೀಟರು ಟಕಟಕ ಎಂದಿತು. ಯಾವಾಗಲೋ ಆ ಮದ್ದಿನ ಒಂದು ಹನಿ ಸಿಡಿದಿತ್ತು. ಮಗುವಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಲೆಕ್ಕ ಹಾಕಿಯೇ ತೋರಿಸಿದರು. ಎರಡು ದಿನಕ್ಕೆ ಅಂಗಿಯ ಮೇಲೆ ಏನೂ ಉಳಿಯಲಿಲ್ಲ. ಅಪ್ಪನ ಹೆದರಿಕೆ ಮಾತ್ರ, ಪಾಪ, ಹೋಗಲೇ ಇಲ್ಲ.

*

“ನಿಮ್ಮಪ್ಪ ಮಹಾ ಪುಕ್ಕಲು ಮನುಷ್ಯ, ಪುಟ್ಟಿ. ಮೀಟರ್ ಸುಮ್ನಿದ್ರೂ ನಂಬ್ತಿರಲಿಲ್ಲ, ಮೂರು ಮೂರು ಸಲ ಕೈ ತೊಳೆಯೋರು. ರಿಟೈರ್ ಆದ್ಮೇಲೆ ನಾನೇ ಬೈದೆ, ಈಗಾದ್ರೂ ಮಗಳನ್ನ ತಬ್ಕೊಳ್ರೀ ಅಂತ. ‘ಈಗ ಅವಳೇ ದೂರ ನಿಲ್ತಾಳೆ ಸಿಸ್ಟರ್, ಹೇಗೆ ಕರೀಲಿ’ ಅಂದ್ರು.”

ಹೊರಗೆ ವ್ಯಾನು ಬಂದು ನಿಂತಿತ್ತು. ಹೊತ್ತಾಯಿತೆಂದು ಯಾರೋ ಅವಸರಪಡಿಸುತ್ತಿದ್ದರು. ಮಗಳು ಒಳಗೆ ಹೋಗಿ ಅಪ್ಪನ ಪಕ್ಕ ಮಂಡಿಯೂರಿ, ಎದೆಯ ಮೇಲೆ ಕೆನ್ನೆಯಿಟ್ಟು, ಎರಡೂ ತೋಳುಗಳಿಂದ ಅವನನ್ನು ತಬ್ಬಿಕೊಂಡಳು.

ಎತ್ತಲು ಬಂದ ನಾಲ್ವರು ಹೊಸ್ತಿಲಲ್ಲೇ ನಿಂತರು. ಅತ್ತೆ ಬೀದಿಗೆ ಹೋಗಿ, ಎಂಜಿನ್ ಆರಿಸುವಂತೆ ವ್ಯಾನಿನವನಿಗೆ ಹೇಳಿದಳು.