ಸುರುಳಿಯೋ, ಮಸೂರವೋ

ಡೆಲ್ಲಾ ಮೆರಿವೆದರ್‌ಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. ಇದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯೊಳಗಿನ ಮುಖಕ್ಕೆ ಮಾತ್ರ ಹೇಳಿಕೊಂಡಿದ್ದಳು: ಜೊತೆಗೆ ಕೂತು ನೋಡುವ ಅವರಿಬ್ಬರಿಗೂ ಅಷ್ಟು ಚೆನ್ನಾಗಿ ಕಾಣುವುದು ನನಗೊಬ್ಬಳಿಗೇ ಏಕೆ ಕಾಣುವುದಿಲ್ಲ? ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಹದ್ದಿನ ಕಣ್ಣಮ್ಮಾ ನಿನ್ನದು ಎಂದು ಬೆನ್ನು ತಟ್ಟಿ ಕಳಿಸಿದ್ದರು. ಅದರಿಂದ ಚಿಂತೆ ಇಳಿಯುವ ಬದಲು ಏರಿತು. ಕಣ್ಣು ಸರಿಯಿದೆ ಎಂದಮೇಲೆ ಕೆಟ್ಟಿರುವುದು ಕಣ್ಣಿನ ಹಿಂದೆ ಇರುವುದೇ ತಾನೆ?

ಜುಲೈ ಬಂತೆಂದರೆ ಟೂಸಾನ್ ಊರಿನ ಮೇಲೆ ಮೋಡ ಕೂರುತ್ತದೆ. ಬೆಟ್ಟದ ಮೇಲಿನ ದೂರದರ್ಶಕಗಳಿಗೆ ಮುಸುಕು ಹಾಕಿ ಖಗೋಳದವರೆಲ್ಲ ಕೆಳಗಿಳಿಯುತ್ತಾರೆ. ಚಳಿಗಾಲವೆಲ್ಲ ತೆಗೆದ ಚಿತ್ರಗಳನ್ನು ಹರಡಿಕೊಂಡು ಗ್ಯಾಲಕ್ಸಿಗಳ ಜಾತಿ ವಿಂಗಡಿಸುವ ಕಾಲ ಅದು. ವಿಶ್ವವಿದ್ಯಾಲಯದ ಖಗೋಳ ವಿಭಾಗದ ನೆಲಮಾಳಿಗೆಯ ಗೋಡೆಯ ಮೇಲೆ ದೊಡ್ಡದೊಂದು ಕವೆಗೋಲಿನ ಚಿತ್ರ ಅಂಟಿಸಿದ್ದರು. ಹಿಡಿಯ ಉದ್ದಕ್ಕೂ ಮೊಟ್ಟೆಯಾಕಾರದ ಗ್ಯಾಲಕ್ಸಿಗಳು, ದುಂಡಗಿನವು ಮೊದಲು, ಚಪ್ಪಟೆಯವು ಆಮೇಲೆ. ಒಂದು ಕವಲಿನಲ್ಲಿ ತೋಳು ಚಾಚಿದ ಸುರುಳಿಗಳು, ಇನ್ನೊಂದರಲ್ಲಿ ನಡುವೆ ಅಡ್ಡಪಟ್ಟಿ ಹೊತ್ತ ಸುರುಳಿಗಳು. ಕೋಲು ಕವಲೊಡೆಯುವ ಗಂಟಿನಲ್ಲಿ ಮಸೂರಗಳು. ಅವಕ್ಕೆ ಸುರುಳಿಗಿರುವ ತಟ್ಟೆಯೇನೋ ಇದೆ, ತೋಳಿಲ್ಲ. ಯಾವ ಸಾಲಿಗೂ ಒಗ್ಗದ ಪುಂಡರಿಗೆ ಕೆಳಗೆ ಒಂದು ಮೂಲೆ. ಗೋಡೆಯ ಮೇಲೆ ನೋಡಿದರೆ ಬಾಳೆಹಣ್ಣು ಸುಲಿದಷ್ಟು ಸಲೀಸು. ಕೈಯಲ್ಲಿರುವ ಚಿತ್ರ ನೋಡಿದರೆ ಬಿಳಿ ಕಾಗದದ ಮೇಲೆ ಬೆರಳಿನಿಂದ ಒರೆಸಿದ ಮಸಿಯಷ್ಟೇ.

ಆ ಮಸಿಯ ಸುತ್ತ ಮೂವರು ಕೂರುತ್ತಿದ್ದರು. ಪ್ರೊಫೆಸರ್ ಗ್ರೋವರ್ ಹಾಲಿಸ್ಟರ್, ಹಲ್ಲಿನ ನಡುವೆ ಹೊತ್ತಿಸದ ಪೈಪು. ಒಂದು ಕಾಲದಲ್ಲಿ ಅವರ ಶಿಷ್ಯನಾಗಿದ್ದು ಈಗ ಅವರ ಸರೀಕನಾಗಿರುವ ಆರ್ಚೀ ಬ್ರಾಂಟ್, ರೊಟ್ಟಿಯಲ್ಲಿ ಬೀನ್ಸ್ ಸುತ್ತಿದ ಬುರ್ರಿಟೊ ಕಚ್ಚುತ್ತ. ಕೊನೆಗೆ ಸಂಶೋಧನಾ ವಿದ್ಯಾರ್ಥಿನಿ ಡೆಲ್ಲಾ. ಆ ಬೇಸಿಗೆ ಅವರು ನೋಡುತ್ತಿದ್ದುದು ದೂರದ ಒಂದೇ ಗುಂಪಿನ ಗ್ಯಾಲಕ್ಸಿಗಳನ್ನು. ಆ ಗುಂಪಿನ ಸುರುಳಿಗಳೆಲ್ಲ ತೋಳು ಕಳೆದುಕೊಂಡು ಮಸೂರಗಳಾಗಿವೆ ಎಂದು ಹಾಲಿಸ್ಟರ್ ವಾದ. ತೋಳು ಹಾಗೇ ಇವೆ, ಚಿತ್ರ ಮಸುಕಾಗಿದೆ ಅಷ್ಟೇ ಎಂದು ಆರ್ಚೀ ವಾದ. ಮೂವರಲ್ಲಿ ಇಬ್ಬರು ಒಪ್ಪಿದ ಜಾತಿ ಗ್ಯಾಲಕ್ಸಿಗಳ ಸೂಚಿಗೆ ಸೇರುತ್ತಿತ್ತು. ಹಾಲಿಸ್ಟರ್, ಆರ್ಚೀ ಇಬ್ಬರೂ ಒಪ್ಪಿದ ದಿನ ಸೂರ್ಯ ಪಡುವಣದಲ್ಲಿ ಹುಟ್ಟಬೇಕಾದ್ದರಿಂದ ಎಲ್ಲವೂ ಡೆಲ್ಲಾಳ ಮತಕ್ಕೆ ಬಂದು ನಿಲ್ಲುತ್ತಿತ್ತು. ಮುಂದೆ ಅವಳ ಸಂಶೋಧನೆ ನಿಲ್ಲಬೇಕಾದದ್ದೂ ಅದೇ ಸೂಚಿಯ ಮೇಲೆ.

ಮೊದಲನೆಯ ದಿನವೇ ಅವಳು ಮೆಲ್ಲಗೆ ಕೇಳಿದ್ದಳು. "ಗೊತ್ತಾಗದೇ ಇದ್ರೆ ಏನು ಬರೀಬೇಕು?"

"ಗೊತ್ತಿಲ್ಲ ಅನ್ನೋದು ಒಂದು ಜಾತಿ ಅಲ್ಲ ಮಗೂ," ಎಂದಿದ್ದರು ಹಾಲಿಸ್ಟರ್, ಪೈಪಿನ ತುದಿಯಿಂದ ಗೋಡೆಯ ಚಿತ್ರ ತೋರಿಸುತ್ತ. "ಎಲ್ಲಿದೆ ನೋಡು ಇದರಲ್ಲಿ? ಇನ್ನೂ ಸ್ವಲ್ಪ ಹೊತ್ತು ನೋಡು, ಕಾಣುತ್ತೆ."

ಅವಳು ಎಷ್ಟು ಹೊತ್ತು ನೋಡಿದರೂ ಕಾಣಲಿಲ್ಲ. ಹಾಗಾಗಿ ಒಂದು ಮತ ಹಾಲಿಸ್ಟರ್‌ಗೆ ಕೊಟ್ಟರೆ ಮುಂದಿನದು ಆರ್ಚೀಗೆ. ತಕ್ಕಡಿ ಸಮ, ಮನೆ ತಣ್ಣಗೆ. ಎರಡು ತಿಂಗಳಿಂದ ಅವಳು ನೋಡುತ್ತಿದ್ದುದು ಗ್ಯಾಲಕ್ಸಿಗಳನ್ನಲ್ಲ, ಎದುರು ಕೂತವರ ಮುಖಗಳನ್ನು.

ಆಗಸ್ಟ್ ಕೊನೆಯ ಆ ಬುಧವಾರ ಮಧ್ಯಾಹ್ನ ಮಳೆಗೆ ಮುಂಚಿನ ಧಗೆ. ನೀರಿನ ಕೂಲರ್ ಒದ್ದೆ ಗಾಳಿಯನ್ನೇ ಮತ್ತೆ ಒದ್ದೆ ಮಾಡಿ ಉಗುಳುತ್ತಿತ್ತು. ಮೊದಮೊದಲು ಮೂವರೂ ತಮ್ಮ ತೀರ್ಪನ್ನು ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಬರೆಯುತ್ತಿದ್ದರು. ಆ ಕೂಲರಿನ ಗಾಳಿಗೆ ಚೀಟಿಗಳು ಹಾರಿ ಮೇಜಿನಡಿ ಸೇರಿ, ಹಾಲಿಸ್ಟರ್ ಮಂಡಿ ಊರಿ ಹುಡುಕಿ, ಸೊಂಟ ಹಿಡಿದುಕೊಂಡು, "ಹಾಳಾಗಿಹೋಗ್ಲಿ ಈ ಚೀಟಿ! ಬಾಯಲ್ಲೇ ಹೇಳಿದ್ರಾಯ್ತು" ಎಂದಿದ್ದರು. ಅಂದಿನಿಂದ ಸರದಿ: ಒಂದು ಚಿತ್ರಕ್ಕೆ ಹಾಲಿಸ್ಟರ್ ಮೊದಲು, ಮುಂದಿನದಕ್ಕೆ ಆರ್ಚೀ ಮೊದಲು. ಡೆಲ್ಲಾ ಯಾವಾಗಲೂ ಕೊನೆಗೆ.

ಒಂದು ಪದ್ಧತಿ ಮಾತ್ರ ಉಳಿದಿತ್ತು. ಆಗಲೇ ತೀರ್ಪಾದ ಹಳೆಯ ಚಿತ್ರಗಳಲ್ಲಿ ಕೆಲವುಗಳ ಇನ್ನೊಂದು ಪ್ರತಿಗೆ ಡೆಲ್ಲಾ ಹೊಸ ಸಂಖ್ಯೆ ಹಚ್ಚಿ, ತಲೆಕೆಳಗು ಮಾಡಿ, ಹೊಸ ಕಟ್ಟಿನೊಳಗೆ ತೂರಿಸಿಡಬೇಕು. ನೋಡುವವರ ಕಣ್ಣು ಎಷ್ಟು ನೆಟ್ಟಗಿದೆ ಎಂದು ಬೇಸಿಗೆಯ ಕೊನೆಗೆ ತಾಳೆ ನೋಡಲು. ಯಾವುದು ಹಳೆಯದು ಎಂಬುದು ಅವಳೊಬ್ಬಳಿಗೇ ಗೊತ್ತು. ಈಗ ಅವಳು ಮೇಜಿನ ಮೇಲೆ ಇಟ್ಟದ್ದು ಅಂಥದ್ದೇ ಒಂದು.

ಜುಲೈನಲ್ಲಿ ಇದೇ ಚಿತ್ರಕ್ಕೆ ಆರ್ಚೀಯ ಸರದಿ ಮೊದಲಿತ್ತು. ಸುರುಳಿ ಎಂದಿದ್ದ. ಕುರುಡನಿಗೂ ಕಾಣುತ್ತೆ ಇದು ಮಸೂರ ಅಂತ, ಎಂದಿದ್ದರು ಹಾಲಿಸ್ಟರ್. ಅದರ ಹಿಂದಿನ ಚಿತ್ರದ ಮತ ಆರ್ಚೀಗೆ ಹೋಗಿತ್ತು. ಆದ್ದರಿಂದ ಡೆಲ್ಲಾ ಇದನ್ನು ಮಸೂರ ಮಾಡಿದ್ದಳು.

ಇಂದು ಮೊದಲ ಸರದಿ ಹಾಲಿಸ್ಟರ್ ಅವರದು. ಭೂತಗನ್ನಡಿ ಊರಿ ನೋಡಿದರು. "ಇದು ಸುರುಳಿ. ನಾನೇ ಹೇಳ್ತಿದೀನಿ, ಬರ್ಕೊಳ್ಳಿ. ಎಡಗಡೆ ತೋಳು ಎಷ್ಟು ಸ್ಪಷ್ಟವಾಗಿದೆ! ಆರ್ಚೀ, ಖುಷಿಪಡು, ನಿನಗೊಂದು ದಾನ ಕೊಟ್ಟೆ."

ಡೆಲ್ಲಾಳ ಪೆನ್ಸಿಲು ನಿಂತಿತು.

ಆರ್ಚೀ ಬುರ್ರಿಟೊ ಕೆಳಗಿಟ್ಟು ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. "ನಿಮ್ಮ ದಾನ ನೀವೇ ಇಟ್ಕೊಳ್ಳಿ ಗ್ರೋವರ್. ತೋಳಲ್ಲ ಅದು, ನೆಗೆಟಿವ್ ತೊಳೆಯುವಾಗ ಬಿದ್ದ ಕಲೆ. ಇದು ಮಸೂರ."

"ಮಸೂರವೇ? ಇಡೀ ಬೇಸಿಗೆ ಸುರುಳಿ ಸುರುಳಿ ಅಂತ ನನ್ನ ತಲೆ ತಿಂದೋನು ನೀನು!"

"ಇಡೀ ಬೇಸಿಗೆ ಮಸೂರ ಮಸೂರ ಅಂತ ಜಪ ಮಾಡ್ದೋರು ನೀವು!"

"ನಿನಗೆ ನೋಡೋದು ಕಲಿಸ್ದೋನೇ ನಾನು ಕಣಯ್ಯಾ."

"ಅದಕ್ಕೇ ನನ್ನ ಗತಿ ಹೀಗಾಗಿರೋದು."

"ಮೊದಲು ಕೈ ಒರೆಸ್ಕೋ. ಬೀನ್ಸ್ ಬಿದ್ದಿರೋದನ್ನೂ ಗ್ಯಾಲಕ್ಸಿ ಅಂತೀಯ ಆಮೇಲೆ."

ಡೆಲ್ಲಾಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ಎರಡು ತಿಂಗಳು! ಇವರಿಗೆ ಕಾಣುವುದು ತನಗೆ ಕಾಣುತ್ತಿಲ್ಲವೆಂದು ನಿದ್ದೆಗೆಟ್ಟಿದ್ದಳು, ಕಣ್ಣಿಗೆ ಸೌತೆಕಾಯಿ ಇಟ್ಟುಕೊಂಡು ಮಲಗಿದ್ದಳು, ಖಗೋಳ ಬಿಟ್ಟು ಊರಿಗೆ ಹೋಗಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡಲೇ ಎಂದು ಡೈರಿಯಲ್ಲಿ ಪುಟಗಟ್ಟಲೆ ಗೋಳಾಡಿದ್ದಳು. ಮೊದಲು ಬಾಯಿ ಬಿಟ್ಟವರು ಏನು ಹೇಳುತ್ತಾರೋ ಅದಕ್ಕೆ ತಿರುಗಾಮುರುಗಾ ಎರಡನೆಯವರಿಗೆ ಕಾಣುತ್ತಿತ್ತು. ಅಷ್ಟೇ. ಅದೇ ಇವರ ಖಗೋಳ.

"ಡೆಲ್ಲಾ, ಹೇಳಮ್ಮಾ," ಎಂದರು ಹಾಲಿಸ್ಟರ್. "ಸುರುಳಿಯೋ, ಮಸೂರವೋ? ಬೇಗ ಹೇಳು, ಮಳೆ ಬಂದ್ರೆ ನನ್ನ ಕಾರು ತೊರೆ ದಾಟಲ್ಲ."

"ಹೆದರ್ಕೋಬೇಡ," ಎಂದ ಆರ್ಚೀ. "ನಿನ್ನ ಕಣ್ಣಿಗೆ ಏನು ಕಾಣುತ್ತೋ ಅದನ್ನೇ ಹೇಳು."

ಹಿಂದಿನ ಮತ ಹಾಲಿಸ್ಟರ್‌ಗೆ ಹೋಗಿತ್ತು. ತಕ್ಕಡಿಯ ಲೆಕ್ಕದಲ್ಲಿ ಇದು ಆರ್ಚೀಯದು. 'ಮಸೂರ' ಎಂದುಬಿಟ್ಟರೆ ಎಲ್ಲ ಮುಗಿಯಿತು. ಜುಲೈನ ತೀರ್ಪಿಗೂ ಇಂದಿನ ತೀರ್ಪಿಗೂ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ ಹೊಂದಿಕೆಯಾಗುತ್ತದೆ. ಎಂಥ ನೆಟ್ಟಗಿನ ಕಣ್ಣುಗಳು ಎಂದು ಮೂವರೂ ಬೆನ್ನು ತಟ್ಟಿಕೊಳ್ಳಬಹುದು. ಆ ಮಾತು ನಾಲಗೆಯ ತುದಿಗೆ ಬಂದೂ ಬಿಟ್ಟಿತ್ತು. ಅದು ಸುಳ್ಳೆಂದೇನೂ ಅಲ್ಲ. ನಿಜವೇ ಇರಬಹುದು. ಆದರೆ ಅದು ನಿಜವೆಂದು ಅವಳಿಗೆ ಗೊತ್ತಿರಲಿಲ್ಲ, ಅದೇ ತೊಡಕು.

ಅವಳು ಎದ್ದಳು. ಹಳೆಯ ಚಿತ್ರಗಳ ಪೆಟ್ಟಿಗೆಯಿಂದ ಜುಲೈನ ಚಿತ್ರವನ್ನು ತೆಗೆದು ಇಂದಿನದರ ಪಕ್ಕದಲ್ಲಿಟ್ಟಳು. ಇಂದಿನದನ್ನು ತಲೆ ಮೇಲಾಗುವಂತೆ ತಿರುಗಿಸಿದಳು. ಒಂದೇ ಮಸಿ, ಒಂದೇ ಕಡೆ ಅದೇ ಕಲೆ, ಮೂಲೆಯಲ್ಲಿ ಅದೇ ಪುಟ್ಟ ನಕ್ಷತ್ರ. ಜುಲೈನದರ ಅಂಚಿನಲ್ಲಿ ಮೂವರ ತೀರ್ಪೂ ಅವಳದೇ ಅಕ್ಷರದಲ್ಲಿತ್ತು.

ಇಬ್ಬರೂ ಬಗ್ಗಿದರು. ಓದಿದರು. ಪೈಪು ಹಲ್ಲಿನಿಂದ ಕೆಳಗಿಳಿಯಿತು.

"ಇದೇನು..." ಎಂದ ಆರ್ಚೀ.

"ಬೇಸಿಗೆ ಮುಗಿಯೋವರೆಗೆ ಇದನ್ನ ತೋರಿಸ್ಬಾರ್ದು ಅಂತ ಅಲ್ವೇನಮ್ಮಾ ನಿಯಮ?" ಎಂದರು ಹಾಲಿಸ್ಟರ್. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ. "ಸರಿ, ಹೋಗ್ಲಿ. ನೀನಾದ್ರೂ ಹೇಳು, ನಿನಗೆ ಏನು ಕಾಣುತ್ತೆ?"

ಕೂಲರ್ ಗೊರಗೊರ ಎಂದಿತು. ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಅವಳು ಯಾರದೋ ಮುಖ ನೋಡಿ ಉತ್ತರ ಹುಡುಕಿರುತ್ತಿದ್ದಳು. ಈ ಸಲ ಚಿತ್ರವನ್ನೇ ನೋಡಿದಳು.

"ಗೊತ್ತಾಗ್ತಿಲ್ಲ," ಎಂದಳು. ಬಹಳ ಮೆಲ್ಲಗಾಯಿತು ಅನಿಸಿ ಮತ್ತೆ ಹೇಳಿದಳು, ಈ ಸಲ ಕೂಲರಿಗಿಂತ ಜೋರಾಗಿ: "ಇದರಲ್ಲಿ ತೋಳಿದೆಯೋ ಇಲ್ವೋ ನನಗೆ ಗೊತ್ತಾಗ್ತಿಲ್ಲ. ನಿಮ್ಮಿಬ್ಬರಿಗೂ ಗೊತ್ತಾಗ್ತಿಲ್ಲ."