ತಡೆದು ಕರೆಯುವ ಹೆಸರು

ಆ ಹೆಸರು ಯಾವುದು ಅಂತ ಮಾತ್ರ ಕೇಳಬೇಡಿ, ನಾನು ಹೇಳುವುದಿಲ್ಲ. ಕಂಡಕಂಡವರಿಗೆ ಹೇಳಿಯೇ ಆ ಹೆಂಗಸು ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳೆದುಕೊಂಡದ್ದು.

ಮೂರಕ್ಷರದ ಹೆಸರು. ಮಗಳು ಹುಟ್ಟಿದಾಗ ಅವಳ ಗಂಡ ತಾನೇ ಹೊಸದಾಗಿ ಕಟ್ಟಿದ್ದು. ಮೊದಲಕ್ಷರ ಹೇಳಿ ಚೂರು ತಡೆದು, ಉಳಿದೆರಡನ್ನು ಒಂದೇ ಉಸಿರಿಗೆ ಬಿಡಬೇಕು. ಅದೇ ಗಂಡ, ಅಂಗಿಯ ಇಸ್ತ್ರಿ ನೆಟ್ಟಗಿಲ್ಲವೆಂದು ಸಿಟ್ಟಾಗಿ, ಆರು ತಿಂಗಳ ಕೂಸನ್ನು ಮೂರನೇ ಮಹಡಿಯ ಕಿಟಕಿಯಾಚೆ ಹಿಡಿದು ನಕ್ಕಿದ್ದ.

"ನನ್ನ ಬಿಟ್ಟು ಹೋಗಿ ನೋಡು. ಈ ಹೆಸರಿನೋಳು ಲೋಕದಲ್ಲಿ ಇವಳೊಬ್ಬಳೇ. ಎಲ್ಲಿದ್ರೂ ಹುಡುಕ್ತೀನಿ."

ಮರುದಿನ ಅವನು ಕೆಲಸಕ್ಕೆ ಹೋದದ್ದೇ ತಡ, ಅವಳು ಮಗುವನ್ನು ಎತ್ತಿಕೊಂಡು ಊರು ಬಿಟ್ಟಳು. ದೂರದ ಊರೊಂದರ ಜನನ ನೋಂದಣಿ ಕಚೇರಿಯಲ್ಲಿ ಕೆಲಸವೂ ಸಿಕ್ಕಿತು. ಮಗಳ ಹೆಸರು ಬದಲಿಸೋಣವೆಂದರೆ ಅರ್ಜಿಗೆ ತಂದೆಯ ಸಹಿ ಬೇಕು. ಹುಲಿಯ ಗುಹೆಗೆ ಹೋಗಿ ಸಹಿ ಕೇಳುವವರುಂಟೇ? ಯಾರಾದರೂ "ಪಾಪುವಿನ ಹೆಸರೇನು?" ಎಂದರೆ ಸಾಕು, ಅವಳು ಮಾತು ತಿರುಗಿಸಿಬಿಡುತ್ತಿದ್ದಳು.

ಒಂದು ದಿನ ಗಂಡ-ಹೆಂಡತಿ ಇಬ್ಬರು ಹೆಸರಿನ ಜಾಗ ಖಾಲಿ ಬಿಟ್ಟ ಫಾರಂ ಹಿಡಿದು ಅವಳ ಕೌಂಟರಿಗೆ ಬಂದರು.

"ನೀವೇ ಒಂದು ಹೇಳಿಬಿಡಿ ಅಕ್ಕಾ, ನಮ್ಮ ಜಗಳ ಬಗೆಹರಿಯೋ ಹಾಗಿಲ್ಲ."

ಥಟ್ಟನೆ ಹೊಳೆಯಿತು. ಒಬ್ಬಳೇ ಇದ್ದರೆ ತಾನೆ ಸಿಕ್ಕಿಬೀಳುವುದು? ಮಂದೆಯಲ್ಲಿ ಸೇರಿಸಿಬಿಟ್ಟರೆ? ಆ ಹೆಸರನ್ನೇ ಹೇಳಿದಳು, ಆದರೆ ತಡೆಯಿಲ್ಲದೆ, ಸಲೀಸಾಗಿ. ಸರಿಯಾದ ಉಚ್ಚಾರ ಅವನ ಬಾಯಿಯದು, ಅದರ ಗಾಳಿಯೂ ಇಲ್ಲಿ ಸೋಕಬಾರದು.

ಆಮೇಲೆ ಹೆಸರು ತೋಚದೆ ಬಂದವರಿಗೆಲ್ಲ ಅದೇ ಹೆಸರು. ಜನಕ್ಕೂ ಹಿಡಿಸಿತು. "ಏನಮ್ಮಾ, ಊರಿಗೆಲ್ಲಾ ನೀನೇ ಸೋದರತ್ತೇನಾ?" ಎಂದು ಹಿರಿಯ ಗುಮಾಸ್ತರು ಗೇಲಿ ಮಾಡುತ್ತಿದ್ದರು. ಆರು ವರ್ಷ ಕಳೆಯುವಷ್ಟರಲ್ಲಿ ಮಗಳ ಒಂದನೇ ತರಗತಿಯಲ್ಲೇ ಆ ಹೆಸರಿನವರು ನಾಲ್ವರು. ಅವಳ ಎದೆಯ ಮೇಲಿನ ಭಾರ ಇಳಿದಿತ್ತು. ದಿನಾ ಬೆಳಗ್ಗೆ ತಲೆ ಬಾಚುವಾಗ ಮಾತ್ರ, ಮುದ್ದು ಉಕ್ಕಿ, ಮಗಳನ್ನು ತಡೆದೇ ಕರೆಯುತ್ತಿದ್ದಳು. ಹೆತ್ತ ಕರುಳು ನೋಡಿ, ನಾಲ್ಕು ಗೋಡೆಯೊಳಗೆ ಯಾರು ಕೇಳುತ್ತಾರೆ ಅಂದುಕೊಂಡಳು.

ಮೊನ್ನೆ ಮಧ್ಯಾಹ್ನ ಗುಮಾಸ್ತರು ನಗುನಗುತ್ತಾ ಒಂದು ಪೇಪರು ತಂದು ಅವಳ ಮೇಜಿನ ಮೇಲೆ ಹಾಸಿದರು.

"ನೋಡು, ನಿನ್ನಿಂದ ನಮ್ಮೂರು ಪೇಪರಲ್ಲಿ ಬಂದುಬಿಡ್ತು! ಎಲ್ಲೂ ಇಲ್ಲದ ಹೆಸರು ಈ ಊರಲ್ಲಿ ಮಾತ್ರ ಯಾಕೆ ಇಷ್ಟೊಂದು ಮಕ್ಕಳಿಗೆ ಅಂತ ಅರ್ಧ ಪುಟ ಬರೆದಿದಾರೆ."

ಊರಿನ ಹೆಸರು ದಪ್ಪಕ್ಷರದಲ್ಲಿತ್ತು, ಅದರ ಕೆಳಗೆ ಮಗಳ ಶಾಲೆಯ ಹೆಸರೂ ಇತ್ತು. ಪೇಪರು ಮೂರು ದಿನ ಹಳೆಯದು.

ಅಯ್ಯೋ, ಮಗಳನ್ನು ಬಚ್ಚಿಡಲು ಹೋಗಿ ಊರನ್ನೇ ತೋರಿಸಿಕೊಟ್ಟೆನಲ್ಲ! ಚಪ್ಪಲಿಯನ್ನೂ ಮೆಟ್ಟದೆ ಶಾಲೆಯತ್ತ ಓಡಿದಳು. ನಾಲ್ವರಿದ್ದಾರೆ, ನಾಲ್ವರಲ್ಲಿ ಯಾರೆಂದು ಅವನಿಗೆ ಹೇಗೆ ಗೊತ್ತಾದೀತು, ಆರು ತಿಂಗಳಿದ್ದಾಗ ನೋಡಿದ ಮುಖ, ಗೊತ್ತಾಗುವುದಿಲ್ಲ, ಗೊತ್ತಾಗುವುದಿಲ್ಲ ಎಂದು ದಾರಿಯುದ್ದಕ್ಕೂ ತನಗೇ ಹೇಳಿಕೊಂಡಳು.

ಶಾಲೆಯ ಎದುರಿನ ರಸ್ತೆಯಲ್ಲಿ ಬಸ್ಸುಗಳು ಸಾಲುಗಟ್ಟಿದ್ದವು, ದಾಟಲು ದಾರಿಯಿರಲಿಲ್ಲ. ಅವುಗಳ ಸಂದಿಯಿಂದ ಕಂಡಿತು: ಗೇಟಿನ ಬಳಿ ಒಬ್ಬ ಗಂಡಸಿನ ಬೆನ್ನು, ನೆಟ್ಟಗೆ ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಮಡಿಸಿದ ಪೇಪರು. ಒಳಗೆ ಮಕ್ಕಳು ಆಡುತ್ತಿದ್ದವು.

ಅವನು ಕರೆದ. ಮೊದಲಕ್ಷರ, ಚೂರು ತಡೆ, ಆಮೇಲೆ ಒಂದೇ ಉಸಿರು.

ಮೂವರು ತಲೆ ಎತ್ತಿ ನೋಡಿ, ತಮ್ಮನ್ನಲ್ಲವೆಂದು ಆಟಕ್ಕೆ ತಿರುಗಿದರು. ನಾಲ್ಕನೆಯವಳು ಜಿಗಿಯುತ್ತಿದ್ದ ಹಗ್ಗ ಬಿಸಾಡಿ ಓಡಿಬಂದು ಗೇಟಿನ ಕಂಬಿ ಹಿಡಿದಳು. ಅವಳ ಮುಖದ ತುಂಬಾ ನಗು.

"ನಮ್ಮಮ್ಮ ಮಾತ್ರ ಹೀಗೆ ಕರೆಯೋದು. ನಿಮಗೆ ಹೇಗೆ ಗೊತ್ತು?"

ಬಸ್ಸುಗಳ ಸದ್ದಿನಲ್ಲಿ ತಾಯಿಯ ಕೂಗು ಯಾರಿಗೂ ಕೇಳಿಸಲಿಲ್ಲ. ಅವನು ಗೇಟಿನ ಚಿಲಕ ತೆಗೆದ.