ಅಲಿದಾಳ ಬೆನ್ನು

ಮ್ಯೂಸಿಯಂ ಸೇರಿದ ವಸ್ತು ಶಾಶ್ವತವಾಗಿ ಉಳಿಯುತ್ತದೆ ಎಂದು ನಂಬಿದವರು ಒಮ್ಮೆ ನಮ್ಮ ನೆಲಮಾಳಿಗೆಗೆ ಬರಬೇಕು. ಒಂದೇ ಸೂರಿನಡಿ ಎಷ್ಟು ಜಾತಿಯ ಸಾಮಾನು! ಗಾಳಿ ಒಣಗಿದರೆ ದಂತ ಬಿರಿಯುತ್ತದೆ, ಒದ್ದೆಯಾದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಉಣ್ಣೆಯ ಚಿತ್ರಪರದೆಗೆ ಹುಳದ ಕಾಟ. ಮೇಣದ ಸಂತರು ಸೆಕೆ ತಡೆಯಲಾರರು. ಬೆಳ್ಳಿ ಬಟ್ಟಲಿಗಂತೂ ಪಕ್ಕದ ಕಪಾಟಿನ ರಬ್ಬರಿನ ಗಾಳಿ ಸೋಕಿದರೂ ಮುಖ ಕಪ್ಪಾಗುತ್ತದೆ. ಇವರೆಲ್ಲರನ್ನೂ ಓಲೈಸಿಕೊಂಡಿರುವುದೇ ನನ್ನ ಉದ್ಯೋಗ. ಕಲ್ಲು ಮತ್ತು ಕಂಚು ಮಾತ್ರ ಯಾರ ಹಂಗೂ ಇಲ್ಲದೆ ಹೊರಗೆ ಅಂಗಳದಲ್ಲಿ ಮಳೆಗೆ ಮೈಯೊಡ್ಡಿ ನಿಂತಿವೆ. ಅವುಗಳ ಸೊಕ್ಕು ಕಂಡರೆ ನನಗೆ ಮೈ ಉರಿಯುತ್ತದೆ.

ಮಾರ್ಚ್ ತಿಂಗಳ ಒಂದು ಬುಧವಾರ ಗೆರ್ಲಾಫ್ ಎಂದಿನಂತೆ ಸೈಕಲ್ ತುಳಿದುಕೊಂಡು ಬಂದರು. ಎಂಬತ್ತು ದಾಟಿದ ಶಿಲ್ಪಿ. ನಮ್ಮ ಮ್ಯೂಸಿಯಂ ಅವರಿಂದ ಕೊಂಡದ್ದು ಒಂದೇ ಒಂದು ಕೃತಿ. ಯೌವನದಲ್ಲಿ ಹೆಂಡತಿ ಅಲಿದಾಳ ಬೆನ್ನಿಗೆ ದ್ರವ ರಬ್ಬರನ್ನು ಪದರ ಪದರವಾಗಿ ಬಳಿದು, ಒಣಗಿದ ಮೇಲೆ ಸುಲಿದು ತೆಗೆದ ಅಚ್ಚು ಅದು. ಸುಲಿಯುವಾಗ ಕೂದಲು ಕಿತ್ತುಬಂದು ಅಲಿದಾ ಗಂಡನ ವಂಶವನ್ನೆಲ್ಲ ಬೈದಿದ್ದಳಂತೆ. ಹೆಗಲ ಹಿಂಬದಿಯ ಗಾಯದ ಗುರುತು, ಸೊಂಟದ ಮಚ್ಚೆ, ಚರ್ಮದ ಒಂದೊಂದು ಗೆರೆಯೂ ಅದರಲ್ಲಿ ಮೂಡಿತ್ತು. ಆಕೆ ತೀರಿಕೊಂಡ ಮೇಲೆ ಅದನ್ನು ನೋಡಲೆಂದೇ ಅವರು ವಾರವಾರ ಬರುತ್ತಿದ್ದರು. ನೋಡನೋಡುತ್ತ ಅದು ಕಂದುಬಣ್ಣಕ್ಕೆ ತಿರುಗಿತು, ಬಿರುಸಾಯಿತು, ಬಿರುಕು ಬಿಟ್ಟಿತು. ಈಗ ಉಸಿರು ತಾಗಿದರೂ ಚೂರು ಉದುರುತ್ತಿತ್ತು.

ಉಳಿಸುವ ದಾರಿಯಿಲ್ಲ, ಸಂಗ್ರಹದಿಂದ ತೆಗೆದುಹಾಕೋಣ ಎಂದು ಸಮಿತಿ ನಿರ್ಧರಿಸಿತ್ತು. ಬೇಕಿದ್ದರೆ ಮಾಡಿದವರೇ ಮನೆಗೆ ಒಯ್ಯಬಹುದು. ಇದನ್ನು ತಿಳಿಸಬೇಕಾದ ಸಂಗ್ರಹದ ಮುಖ್ಯಸ್ಥ ಯೊರಿಸ್, “ನಿಂಗೆ ಅವ್ರು ಗೊತ್ತಲ್ಲ, ನೀನೇ ಹೇಳ್ಬಿಡು” ಎಂದು ಇನ್ನೊಂದು ಸಭೆಗೆ ಜಾರಿಕೊಂಡ. ನಮ್ಮ ದೇಶದಲ್ಲಿ ತಪ್ಪಿಸಿಕೊಳ್ಳಲು ಸಭೆಗಳಿಗೇನೂ ಬರವಿಲ್ಲ.

“ಏನ್ ಹುಡುಗಿ, ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡ್ಕೊಂಡಿದ್ದೀಯ?” ಎಂದರು ಗೆರ್ಲಾಫ್. ನನಗೆ ಐವತ್ತು ದಾಟಿದೆ. ಅವರ ಬಾಯಲ್ಲಿ ಇನ್ನೂ ಹುಡುಗಿ.

ಕಾಫಿ ಕೊಟ್ಟು, ವಿಷಯ ಹೇಳಿದೆ. ಅವರು ಬಿಸ್ಕತ್ತನ್ನು ಕಾಫಿಗೆ ಅದ್ದಿ ನಿಧಾನಕ್ಕೆ ತಿಂದರು. ಆಮೇಲೆ ಕೋಟಿನ ಜೇಬಿನಿಂದ ಹಳೆಯ ತಗಡಿನ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

“ನಿಮ್ ಸಮಿತಿ ಹೀಗೇ ಬೊಗಳುತ್ತೆ ಅಂತ ಗೊತ್ತಿತ್ತು. ಔಷಧಿ ತಂದಿದ್ದೀನಿ. ಕಂಚಿನ ಪುಡಿ.”

“ಗೆರ್ಲಾಫ್ ಅವ್ರೇ...”

“ಪೂರ್ತಿ ಕೇಳು. ಆವತ್ತು ಕಂಚಿನ ಎರಕ ಹೊಯ್ಸೋ ಯೋಗ್ಯತೆ ನಂಗಿರ್ಲಿಲ್ಲ. ಬರೀ ರಬ್ಬರು ಬೇಗ ಹೋಗ್ಬಿಡುತ್ತೆ ಅಂತ ಎಲ್ರೂ ಹೆದರಿಸಿದ್ರು. ಅದಕ್ಕೇ ಈ ಪುಡಿ ಕಲಸ್ದೆ, ಗಟ್ಟಿಯಾಗಿ ನಿಲ್ಲಲಿ ಅಂತ. ಇಷ್ಟು ವರ್ಷ ಅವಳನ್ನ ಹಿಡಿದಿಟ್ಟಿದ್ದು ಇದೇನೇ. ಇನ್ನೊಂದು ಕೈ ಬಳಿದ್ರೆ ಮತ್ತೆ ನಿಲ್ತಾಳೆ.”

ಅಚ್ಚು ಯಾಕೆ ಹಾಳಾಯಿತೆಂಬ ಪ್ರಯೋಗಾಲಯದ ಫಲಿತಾಂಶ ಬಂದಿತ್ತು, ಅವರಿಗೆ ಹೇಳಿರಲಿಲ್ಲ.

“ಈಗ ಅದೆಲ್ಲ ಹಿಡಿಯಲ್ಲ, ಬಿಡಿ” ಎಂದೆ.

“ಯಾಕೆ ಹಿಡಿಯಲ್ಲ? ಎವರ್ಟನ ಕೈಗವಸು ಇಲ್ಲೇ ಇದ್ಯಲ್ಲ, ತೆಗಿ ನೋಡೋಣ. ಒಂದೇ ಡಬ್ಬಿ ರಬ್ಬರು, ಇಬ್ರೂ ಹಂಚ್ಕೊಂಡಿದ್ವಿ. ಅವನು ಸೋಂಬೇರಿ, ಏನೂ ಕಲಸ್ಲಿಲ್ಲ. ಅದು ಯಾವತ್ತೋ ಪುಡಿಪುಡಿ ಆಗಿರುತ್ತೆ.”

ಎವರ್ಟ್ ಎಂದರೆ ಗೆರ್ಲಾಫರ ಹಳೆಯ ಗೆಳೆಯ, ಸತ್ತು ಎಷ್ಟೋ ವರ್ಷವಾಯಿತು; ಅವನು ರಬ್ಬರಿನಲ್ಲಿ ಮಾಡಿದ ಕೈಗವಸೂ ನಮ್ಮ ಸಂಗ್ರಹದಲ್ಲಿತ್ತು. ಕೀಲಿ ಕಳೆದಿದೆ ಎಂದು ಹೇಳಬಹುದಿತ್ತು. ಹೊಳೆಯಲಿಲ್ಲ. ಅವರು ಆಗಲೇ ಖಾನೆಗಳ ಹತ್ತಿರ ಹೋಗಿ ನಿಂತಿದ್ದರು. ಎಳೆದು ತೋರಿಸಿದೆ. ರಬ್ಬರಿನ ಕೈಗವಸು ಸ್ವಲ್ಪ ಹಳದಿಯಾಗಿತ್ತು, ಅಷ್ಟೆ. ನಾನು ಬೆರಳಿನ ತುದಿಯನ್ನು ಮೆಲ್ಲಗೆ ಎತ್ತಿ ಬಿಟ್ಟೆ. ಅದು ಬಾಗಿ ಮತ್ತೆ ನೆಟ್ಟಗಾಯಿತು.

ಗೆರ್ಲಾಫ್ ಬಗ್ಗಿ ನೋಡಿದರು. ಜೀವನವಿಡೀ ಜೇಡಿಮಣ್ಣು, ಸುಣ್ಣ, ರಬ್ಬರುಗಳಲ್ಲೇ ಕೈಯಾಡಿಸಿದ ಮನುಷ್ಯನಿಗೆ ಬಿಡಿಸಿ ಹೇಳುವುದೇನಿತ್ತು?

“ಪುಡಿನಾ?” ಎಂದು ಕೇಳಿದರು.

“ಹೌದು. ಕಂಚಲ್ಲಿರೋ ತಾಮ್ರ. ರಬ್ಬರಿಗೆ ಅದು ವಿಷ.”

“ಯಾವಾಗಿಂದ?”

“ನೀವು ಕಲಸಿದ ದಿನದಿಂದ.”

ಅವರು ಕುರ್ಚಿ ಹುಡುಕಿಕೊಂಡು ಕುಳಿತರು. ನಾನು ಖಾನೆ ಮುಚ್ಚಿದೆ.

“ಅಲಿದಾ ಬೇಡ ಅಂದಿದ್ಲು,” ಎಂದರು. “ನಾನು ಹೇಗಿದ್ದೀನೋ ಹಾಗೇ ಇರ್ಲಿ, ಮೇಲೆ ಏನೂ ಮೆತ್ಬೇಡ ಅಂದ್ಲು. ನಾನೇ ಕೇಳ್ಲಿಲ್ಲ. ಹೊಳೀಲಿ ಅಂದೆ.”

“ಮನೆಗೆ ತೊಗೊಂಡ್ಹೋಗಿ. ಒಳ್ಳೆ ಪೆಟ್ಟಿಗೆ ಮಾಡ್ಕೊಡ್ತೀನಿ. ನಾನೇ ಕಾರಲ್ಲಿ ತಂದ್ಬಿಡ್ತೀನಿ” ಎಂದೆ.

“ಬೇಡ. ನನ್ನ ಕೈಗೆ ಮಾತ್ರ ಕೊಡ್ಬೇಡ ಅವಳನ್ನ.” ಎದ್ದು ಕೋಟಿನ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡರು. “ನಾನು ತೊಗೊಳ್ದೇ ಹೋದ್ರೆ ಏನ್ ಮಾಡ್ತೀರಿ?”

“ಸುಡ್ತಾರೆ.”

ಅವರು ತಲೆಯಾಡಿಸಿದರು. “ಅವಳನ್ನೂ ಸುಟ್ಟೇ ಕಳಿಸಿದ್ದು. ಆವತ್ತು ಬಾಗಿಲು ಮುಚ್ಚೋವರ್ಗೂ ನಾನು ಪಕ್ಕದಲ್ಲೇ ನಿಂತಿದ್ದೆ. ಈ ಸಲ ನನ್ನಿಂದಾಗಲ್ಲ. ನೀನು ಇರ್ತೀಯಲ್ವಾ ಹುಡುಗಿ?”

ಇರ್ತೀನಿ ಎಂದೆ. ಮ್ಯೂಸಿಯಮ್ಮಿನ ಕಸ ಊರಿನ ಕಸದ ಜೊತೆ ಲಾರಿಯಲ್ಲಿ ಹೋಗುತ್ತದೆ, ಸುಡುವ ಕಡೆಗೆ ಯಾರನ್ನೂ ಬಿಡುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.